ಮಾರಾಟದ ಫ್ಲ್ಯಾಟ್ ಸಾಕು, ಬಾಡಿಗೆ ಮನೆ ಕಟ್ಟಿ



ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಗೃಹ ಮಂಡಳಿ ಕಟ್ಟುವ ಫ್ಲ್ಯಾಟ್‌ಗಳು ಬಹುತೇಕ ಮಾರಾಟಕ್ಕೇ ಹೊರತು ಬಾಡಿಗೆಗಲ್ಲ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆ ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಲಾಗದೆ ಊರಾಚೆ ಮನೆ ಹಿಡಿದು, ನಸುಕಿನಲ್ಲೇ ಎರಡು ಬಸ್ಸು ಬದಲಿಸಿ ಬರುತ್ತಾರೆ. ಇದಕ್ಕೆ ಬದಲಾಗಿ, ಆಸ್ಟ್ರಿಯಾದ ವಿಯೆನ್ನಾ ನಗರಾಡಳಿತ 1920ರ ದಶಕದಿಂದ ಕಟ್ಟುತ್ತ ಬಂದ ಸುಮಾರು 2.2 ಲಕ್ಷ ಮನೆಗಳನ್ನು ಇಂದಿಗೂ ತನ್ನ ಒಡೆತನದಲ್ಲೇ ಇಟ್ಟುಕೊಂಡು ಬಾಡಿಗೆಗೆ ಕೊಡುತ್ತಿದೆ. ಅಲ್ಲಿ ಮನೆ ಪಡೆಯಲು ಇರುವ ಆದಾಯ ಮಿತಿ ಉದಾರವಾಗಿರುವುದರಿಂದ ಕಾರ್ಮಿಕರೂ ಶಿಕ್ಷಕರೂ ಒಂದೇ ಮೆಟ್ಟಿಲು ಹತ್ತುತ್ತಾರೆ. ಮಧ್ಯಮ ವರ್ಗದವರೂ ಜೊತೆಗಿದ್ದರೆ ಸೋರುವ ನಲ್ಲಿಯ ದೂರಿಗೂ ಅಧಿಕಾರಿಗಳು ಕಿವಿಗೊಡುತ್ತಾರೆ. ಮೆಟ್ರೊ ನಿಲ್ದಾಣಗಳ ಬಳಿಯ ಸರ್ಕಾರಿ ಜಮೀನನ್ನು ಹರಾಜು ಹಾಕದೆ, ಅಲ್ಲಿ ಇಂಥ ಮನೆ ಕಟ್ಟಿ ಆದಾಯಕ್ಕೆ ತಕ್ಕ ಬಾಡಿಗೆ ನಿಗದಿಪಡಿಸಬೇಕು. ವಸತಿ ಸಚಿವರು ಮುಂದಿನ ಬಜೆಟ್‌ನಲ್ಲೇ ಇದಕ್ಕೆ ಹಣ ಮೀಸಲಿಡಿಸಲಿ ಎಂದು ವಿನಂತಿ.

– ಓದುಗ, ಬೆಂಗಳೂರು