ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು, ಕೈಗೆ ಮತಪತ್ರವೂ ಬರಬೇಕು

ವಿದೇಶದಲ್ಲಿ ದುಡಿಯುತ್ತಿರುವ ಕನ್ನಡಿಗರೇ, ಊರಲ್ಲಿರುವ ಅವರ ಮನೆಮಂದಿಯೇ,

2024ರ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ 1,19,374 ಅನಿವಾಸಿ ಭಾರತೀಯರ ಹೆಸರು ಮತದಾರರ ಪಟ್ಟಿಯಲ್ಲಿತ್ತು. ಮತ ಹಾಕಿದವರು 2,958 ಮಂದಿ ಮಾತ್ರ. ಅವರಲ್ಲೂ 2,670 ಮಂದಿ ಕೇರಳದವರು. ನಮ್ಮ ಕರ್ನಾಟಕದ ಲೆಕ್ಕ ಸೊನ್ನೆ.

ಹೊರಗಿರುವವರಿಗೆ ಆಸಕ್ತಿಯೇ ಇಲ್ಲ ಎನ್ನಬೇಡಿ. ಕಾನೂನು ಹೇಗಿದೆ ನೋಡಿ. 2010ರ ತಿದ್ದುಪಡಿಯಿಂದ ಅನಿವಾಸಿಗಳಿಗೆ ಮತದ ಹಕ್ಕು ಸಿಕ್ಕಿತು. ಆದರೆ ಚಲಾಯಿಸಬೇಕಾದರೆ ಮೂಲ ಪಾಸ್‌ಪೋರ್ಟ್ ಹಿಡಿದು ಊರಿನ ಮತಗಟ್ಟೆಗೇ ಬರಬೇಕು. ಉತ್ತರ ಕನ್ನಡದಲ್ಲಿ ಮತದಾನ ನಡೆದದ್ದು 2024ರ ಮೇ 7, ಮಂಗಳವಾರ. ಸೌದಿಯ ದಮ್ಮಾಮ್‌ನಲ್ಲಿ ಲಾರಿ ಓಡಿಸುವ ಭಟ್ಕಳದ ಹುಡುಗನಿಗೆ ಎರಡು ವರ್ಷಕ್ಕೊಮ್ಮೆ ಸಿಗುವ ರಜೆ ಸರಿಯಾಗಿ ಅದೇ ವಾರ ಬರುತ್ತದೆಯೇ? ಬಂದರೂ ಒಂದು ಮತಕ್ಕಾಗಿ ಟಿಕೆಟ್ಟಿಗೆ ದುಡ್ಡು ಸುರಿಯಲು ಎಷ್ಟು ಮಂದಿಗೆ ಸಾಧ್ಯ?

ದಾರಿಯೇ ಇಲ್ಲವೆಂದಲ್ಲ. ಸೈನಿಕರಿಗೂ ರಾಯಭಾರ ಕಚೇರಿಯ ಸಿಬ್ಬಂದಿಗೂ ಮತಪತ್ರ ಕಂಪ್ಯೂಟರಿನಲ್ಲೇ ತಲುಪುತ್ತದೆ. ಮುದ್ರಿಸಿ, ಗುರುತು ಹಾಕಿ, ಅಂಚೆಯಲ್ಲಿ ಕಳಿಸಿದರಾಯಿತು. 2019ರಲ್ಲಿ ಇಂಥ 18 ಲಕ್ಷ ಸೇವಾ ಮತದಾರರ ಪೈಕಿ 10.84 ಲಕ್ಷ ಮಂದಿಯ ಮತಪತ್ರಗಳು ಮರಳಿ ಬಂದವು, ಅಂದರೆ ನೂರಕ್ಕೆ 60. ರಿಯಾದ್‌ನ ರಾಯಭಾರ ಕಚೇರಿಯಲ್ಲಿ ಕೌಂಟರಿನ ಒಳಗೆ ಕೂತ ನಮ್ಮ ಸರ್ಕಾರದ ನೌಕರ ಅಲ್ಲಿಂದಲೇ ಮತ ಹಾಕಬಹುದು. ಅದೇ ಕೌಂಟರಿನ ಈಚೆ ನಿಂತ ಕಾರ್ಮಿಕನಿಗೆ ಆ ಅವಕಾಶವಿಲ್ಲ. ಇಬ್ಬರೂ ಭಾರತದ ಪ್ರಜೆಗಳೇ.

ಅನಿವಾಸಿಗಳು ಬದಲಿ ವ್ಯಕ್ತಿಯ ಮೂಲಕ ಮತ ಹಾಕಿಸುವ ಮಸೂದೆಗೆ 2018ರಲ್ಲಿ ಲೋಕಸಭೆ ಒಪ್ಪಿತ್ತು. ರಾಜ್ಯಸಭೆ ದಾಟುವ ಮೊದಲೇ ಲೋಕಸಭೆಯ ಅವಧಿ ಮುಗಿದು ಅದು ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದು: ನಮ್ಮ ಮತ ಇನ್ನೊಬ್ಬರ ಕೈಗೆ ಏಕೆ ಹೋಗಬೇಕು? 2020ರಲ್ಲಿ ಚುನಾವಣಾ ಆಯೋಗವೇ ಅನಿವಾಸಿಗಳಿಗೂ ಅಂಚೆ ಮತಪತ್ರ ಕೊಡಲು ತಾನು ಸಿದ್ಧ ಎಂದು ಕೇಂದ್ರ ಕಾನೂನು ಸಚಿವಾಲಯಕ್ಕೆ ಬರೆಯಿತು. ಅದಾದ ಮೇಲೆ ಬಂದ 2024ರ ಚುನಾವಣೆಯೂ ಹಳೆಯ ನಿಯಮದಲ್ಲೇ ಮುಗಿಯಿತು.

“ಇಲ್ಲಿ ತೆರಿಗೆ ಕಟ್ಟದವರಿಗೆ ಮತವೇಕೆ?” ಎನ್ನುವವರಿದ್ದಾರೆ. ನಮ್ಮ ಸಂವಿಧಾನ ತೆರಿಗೆ ರಸೀದಿ ನೋಡಿ ಮತ ಕೊಟ್ಟಿಲ್ಲ. “ಅಲ್ಲಿನ ಮಾಲೀಕರು ಒತ್ತಡ ಹಾಕಿದರೆ?” ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಶಿಬಿರಗಳಲ್ಲಿ ಗುಂಪಾಗಿ ವಾಸಿಸುವ ಕಾರ್ಮಿಕರಿಗೆ ಗುಟ್ಟಾಗಿ ಮತ ಹಾಕುವ ಜಾಗ ಬೇಕು. ಅದಕ್ಕೇ ರಾಯಭಾರ ಕಚೇರಿಯಲ್ಲಿ, ಅಧಿಕಾರಿಯ ಸಮಕ್ಷಮ ಗುರುತು ಪರಿಶೀಲಿಸಿ, ಮರೆಯಲ್ಲಿ ಮತ ಹಾಕುವ ಏರ್ಪಾಡು ಆಗಲಿ.

ನಮ್ಮ ಬೇಡಿಕೆಗಳು:

1. ಸೇವಾ ಮತದಾರರಿಗಿರುವ ಅಂಚೆ ಮತಪತ್ರದ ಸೌಲಭ್ಯ ಅನಿವಾಸಿ ಮತದಾರರಿಗೂ ಸಿಗಲಿ.
2. ರಾಯಭಾರ ಕಚೇರಿಗಳಲ್ಲಿ ಗುಪ್ತ ಮತದಾನಕ್ಕೆ ಜಾಗವಿರಲಿ, ವಾರದ ರಜಾದಿನವೂ ತೆರೆದಿರಲಿ.
3. ಮುಂದಿನ ಲೋಕಸಭಾ ಚುನಾವಣೆಗೆ ಮೊದಲೇ ಇದು ಜಾರಿಯಾಗಲಿ.

ನೀವು ಮಾಡಬೇಕಾದದ್ದು: ಬೇರೆ ದೇಶದ ಪೌರತ್ವ ಪಡೆಯದ, 18 ತುಂಬಿದ ಪ್ರತಿಯೊಬ್ಬರೂ ನಮೂನೆ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಹೆಸರು ಸೇರಿಸಿ. ಆಯೋಗದ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಊರಿನವರು ನಿಮ್ಮ ಸಂಸದರನ್ನು ಕಂಡು ಮನವಿ ಕೊಡಿ. ಪಟ್ಟಿಯಲ್ಲಿ ನಮ್ಮ ಸಂಖ್ಯೆ ಬೆಳೆದರೆ ಯಾವ ಪಕ್ಷವೂ ನಮ್ಮನ್ನು ಕಡೆಗಣಿಸಲಾರದು.

ಓದಿದ ಮೇಲೆ ಇನ್ನೊಬ್ಬರಿಗೆ ಕೊಡಿ. ಫೋಟೊ ತೆಗೆದು ವಿದೇಶದಲ್ಲಿರುವ ನಿಮ್ಮವರಿಗೂ ಕಳಿಸಿ.