ಬಾನಿನ ಕಣ್ಣು, ದಡದ ಕಾವಲು

ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬೆಟ್ಟಸೀಮೆಯಲ್ಲಿ ಹುಟ್ಟಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಒಂದಾಗುತ್ತವೆ. ಅಲ್ಲಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಪಾಂಡವಪುರ, ಮಂಡ್ಯ ಸೀಮೆಯ ಗದ್ದೆಗಳಿಗೆ ನೀರುಣಿಸುತ್ತದೆ. ನಾವು ಇಲ್ಲಿ ಹೊಳೆಗೆ ಬಿಟ್ಟದ್ದು ಕ್ಯಾತನಹಳ್ಳಿಯ ಸೀಮೆಯವರ ಪಾಲಿನ ನೀರನ್ನೂ ಮುಟ್ಟಬಲ್ಲದು. ಆದುದರಿಂದ ನೀರಿನ ಗುಣದ ಪ್ರಶ್ನೆಯನ್ನು ಮೇಲಿನವರು, ಕೆಳಗಿನವರು ಎಂದು ಪಾಲು ಮಾಡಿಕೊಳ್ಳಲಾಗದು.

ಭತ್ತ, ಕಬ್ಬಿನ ಗದ್ದೆಗಳಿಂದ ಬಸಿದ ಸಾರಜನಕ ಮತ್ತು ರಂಜಕ, ಊರ ಚರಂಡಿಯ ಕೊಳೆ, ಹೊಳೆ ಸೊರಗುವ ದಿನಗಳಲ್ಲೇ ಕಾಫಿ ಪಲ್ಪಿಂಗ್ ಮಾಡಿ ಹೊರಬಿಡುವ ನೀರು, ಇವೆಲ್ಲ ನಿಂತ ನೀರನ್ನು ಸೇರಿ ಬಿಸಿಲೂ ಏರಿತೆಂದರೆ ಪಾಚಿ ಹಬ್ಬುತ್ತದೆ. ನೀಲಿ-ಹಸಿರು ಪಾಚಿಯ ಕೆಲವು ಪ್ರಭೇದಗಳು ಯಕೃತ್ತನ್ನು ಕೆಡಿಸುವ ವಿಷವನ್ನು ಉತ್ಪಾದಿಸುತ್ತವೆ. ಕುದಿಸಿದರೂ ಅದು ನಾಶವಾಗದು. 2014ರ ಆಗಸ್ಟ್‌ನಲ್ಲಿ ಈರಿ ಸರೋವರದಲ್ಲಿ ಇಂತಹ ಪಾಚಿ ಹಬ್ಬಿದಾಗ, ಅಮೆರಿಕದ ಟೊಲೆಡೊ ನಗರದ ಸುಮಾರು 4 ಲಕ್ಷ ಜನರಿಗೆ ನಲ್ಲಿಯ ನೀರು ಕುಡಿಯಬೇಡಿರೆಂದು ಸಾರಬೇಕಾಯಿತು.

ಈ ಹಬ್ಬುವಿಕೆಯನ್ನು ಆಕಾಶದಿಂದ ಗುರುತಿಸಲು ಸಾಧ್ಯವಿದೆ. ಪಾಚಿಯಲ್ಲಿರುವ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ. ಕೆಂಪಿನ ಅಂಚಿನ, ಅವಕೆಂಪಿಗೆ ಸಮೀಪದ ಬೆಳಕು ನೀರಿನಿಂದ ಹೆಚ್ಚಾಗಿ ಮರಳುತ್ತದೆ. ಈ ಎರಡರ ಅನುಪಾತವೇ ಪಾಚಿಯ ಸುಳಿವು. 2015ರಿಂದ ಕೆಲಸ ಮಾಡುತ್ತಿರುವ ಯುರೋಪಿನ ಸೆಂಟಿನೆಲ್-2 ಸರಣಿಯ ಉಪಗ್ರಹಗಳು ಸುಮಾರು 5 ದಿನಗಳಿಗೊಮ್ಮೆ ನಮ್ಮ ಮೇಲೆ ಹಾದುಹೋಗುತ್ತವೆ. ಅವುಗಳ ಚಿತ್ರಗಳು ಎಲ್ಲರಿಗೂ ಉಚಿತ.

ಆದರೆ ಉಪಗ್ರಹವನ್ನು ಸರ್ವಜ್ಞನೆಂದು ಭಾವಿಸಬಾರದು. ಈ ಲೆಕ್ಕಕ್ಕೆ ಬೇಕಾದ ಪಟ್ಟಿಯಲ್ಲಿ ಚಿತ್ರದ ಒಂದು ಚೌಕ 20 ಮೀಟರ್ ಅಗಲವಿರುತ್ತದೆ. ಕನ್ನಂಬಾಡಿಯ ಹಿನ್ನೀರು, ತೊಣ್ಣೂರು ಕೆರೆಗಳಿಗೆ ಅದು ಸಾಕು. ಊರ ಮುಂದಿನ ಸಣ್ಣ ಕಟ್ಟೆಗೆ ಸಾಲದು. ಮುಂಗಾರಿನ ಮೋಡ ಕವಿದರೆ ಅದು ಕುರುಡು. ಅಂತರಗಂಗೆ ಮುಚ್ಚಿದ ಕೆರೆಯೂ ಅದಕ್ಕೆ ಹಸಿರಾಗಿಯೇ ತೋರುತ್ತದೆ. ನೀರಿನಲ್ಲಿ ವಿಷವಿದೆಯೇ ಎಂಬುದನ್ನು ಪ್ರಯೋಗಾಲಯವೊಂದೇ ಹೇಳಬಲ್ಲದು.

ಇಲ್ಲಿ ವಿದ್ಯಾರ್ಥಿಗಳ ಪಾತ್ರ ದೊಡ್ಡದು. ತಮ್ಮ ಕೆರೆಯ ಬಣ್ಣ, ವಾಸನೆ, ಸತ್ತ ಮೀನು, ದನಗಳು ನೀರು ಮುಟ್ಟದಿರುವುದು, ಇವನ್ನು ದಿನಾಂಕಸಹಿತ ಬರೆದಿಟ್ಟು ಅದೇ ದಿನದ ಚಿತ್ರದೊಡನೆ ಹೋಲಿಸಬೇಕು. ಅನುಮಾನ ಬಂದೊಡನೆ ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದು ಪಂಚಾಯಿತಿಯ ಹೊಣೆಯಾಗಬೇಕು. ಫಲಿತಾಂಶ ಬರುವವರೆಗೆ ಆ ನೀರನ್ನು ಜನರಿಗಾಗಲಿ ಜಾನುವಾರುಗಳಿಗಾಗಲಿ ಕೊಡಬಾರದು.

ಚಿತ್ರ ಎಚ್ಚರಿಸಬಹುದು, ಕೊಳೆಯನ್ನು ತಡೆಯಲಾರದು. ಮಣ್ಣು ಪರೀಕ್ಷಿಸಿ ಗೊಬ್ಬರ ಹಾಕುವುದು, ಪಲ್ಪಿಂಗ್ ನೀರನ್ನು ಶುದ್ಧಗೊಳಿಸದೆ ಹಳ್ಳಕ್ಕೆ ಬಿಡದಿರುವುದು, ಹೊಳೆಯಂಚಿನ ಗಿಡಮರಗಳನ್ನು ಉಳಿಸುವುದು ಬೆಟ್ಟದವರಾದ ನಮ್ಮ ಕೈಯಲ್ಲಿದೆ. ಆ ಕೆಲಸವನ್ನು ಈ ಹಂಗಾಮಿನಲ್ಲೇ ಆರಂಭಿಸೋಣ.