ಬಾಕಿ ತೀರಿಸಲು ಬಂದ ಭೂತ

ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಗಡಿಮನೆಗಳಲ್ಲಿ ಮಾತು ಕನ್ನಡ, ಅಂಗಡಿಯ ವ್ಯವಹಾರ ಮರಾಠಿ, ಸಿನಿಮಾ ಹೆಚ್ಚಾಗಿ ಹಿಂದಿ. ಅಂಥದೊಂದು ಹಿಂದಿ ಚಿತ್ರವನ್ನು ಈ ಸಲ ನೆನಪಿಸುತ್ತೇವೆ: ರಾಜೀವ್ ಮೆಹ್ರಾ ನಿರ್ದೇಶನದ ‘ಚಮತ್ಕಾರ್’ (1992). ಅದೇ ವರ್ಷ ಬಂದ ಶಾರುಖ್ ಖಾನರ ‘ದೀವಾನಾ’ದ ಅಬ್ಬರದಲ್ಲಿ ಇದು ಮರೆಗೆ ಸರಿಯಿತು.

ಹಳ್ಳಿಯಲ್ಲಿ ಶಾಲೆ ಕಟ್ಟಬಯಸಿದ ಸುಂದರ್, ಗೆಳೆಯನ ಬಾಯಿಮಾತು ನಂಬಿ ಹಣ ಕಳೆದುಕೊಂಡು ಮುಂಬಯಿಯ ಸ್ಮಶಾನದಲ್ಲಿ ರಾತ್ರಿ ಕಳೆಯುತ್ತಾನೆ. ಅಲ್ಲಿ ಮಾರ್ಕೋ ಎಂಬ ಸತ್ತ ಗೂಂಡಾನ ಭೂತ ಅವನೊಬ್ಬನಿಗೇ ಕಾಣುತ್ತದೆ. ನಾಸಿರುದ್ದೀನ್ ಶಾ ಆ ಭೂತವಾಗಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾರೆ. ಆದರೆ ಉಳಿದ ಕೆಲಸ ತೀರದೆ ಅದಕ್ಕೆ ಮುಕ್ತಿಯಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಭೂತ, ಪಿಶಾಚರು ಎಂಟು ಬಗೆಯ ವ್ಯಂತರ ದೇವರಲ್ಲಿ ಸೇರಿದವರು. ಅವರಿಗೂ ಆಯುಷ್ಯವುಂಟು, ಕರ್ಮವುಂಟು. ಸಿನಿಮಾದ ಭೂತ ನಮ್ಮ ಶಾಸ್ತ್ರದ್ದಲ್ಲ. ಆದರೂ ಸತ್ತರೂ ಬಾಕಿ ಬಾಕಿಯೇ ಎಂಬ ಅದರ ಲೆಕ್ಕ ವ್ಯಾಪಾರಸ್ಥರಾದ ನಮಗೆ ಚೆನ್ನಾಗಿ ತಿಳಿಯುತ್ತದೆ.

ಮಲಗದ ಮಕ್ಕಳನ್ನು ‘ದೆವ್ವ ಬಂತು’ ಎಂದು ನಾವೇ ಹೆದರಿಸುತ್ತೇವೆ. ಆ ಹೆದರಿಕೆ ದೊಡ್ಡವರಾದರೂ ಬಿಡದೆ, ಕೊನೆಗೆ ಮಂತ್ರವಾದಿಯ ಬಾಗಿಲಿಗೆ ಒಯ್ಯುತ್ತದೆ. ಹೆದರಬೇಕಾದದ್ದು ಭೂತಕ್ಕಲ್ಲ, ನಾವು ಕಟ್ಟಿಕೊಳ್ಳುವ ಕರ್ಮಕ್ಕೆ. ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ. ಹೊಡೆದಾಟದ ದೃಶ್ಯ ಬಂದಾಗ ಹಿಂಸೆ ತಪ್ಪೆಂದು ಹೇಳಿರಿ; ಭೂತ ಬಂದಾಗ ಕೂಡಿ ನಗಿರಿ.